ಘಾಟಿಯಲ್ಲಿ ನಿಲ್ಲುವ ಫಿಯಟ್, ಕುದಿಯುವ ಅಂಬಾಸಿಡರ್: ಓದುಗರ ಪ್ರಶ್ನೆಗೆ ಉತ್ತರ

ಹಳೇ ಕಾರು ಇಟ್ಟುಕೊಂಡು ತಾವೇ ಸ್ಪ್ಯಾನರ್ ಹಿಡಿಯುವವರು ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪದ್ಮಿನಿಯದೇ. ಕೆಲವರು ಫಿಯಟ್ ಅಂತ ಬರೆದಿದ್ದಾರೆ, ಕೆಲವರು ಪದ್ಮಿನಿ ಅಂತ. ಎರಡೂ ಒಂದೇ ವಂಶ ಬಿಡಿ. 1964ರಲ್ಲಿ ಮುಂಬೈನ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರುವಾಗಿ, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪದ್ಮಿನಿ ಆದ ಕಾರು ಅದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು 1986ರ ಪದ್ಮಿನಿ. ಊರೊಳಗೆ ಎಷ್ಟು ಓಡಿಸಿದರೂ ತೊಂದರೆ ಇಲ್ಲ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಎಳೆತ ಕಡಿಮೆಯಾಗುತ್ತಾ ಬಂದು ನಿಂತೇ ಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಸಾಮಾನು) ಬದಲಿಸಿದರು, ಸರಿಹೋಗಲಿಲ್ಲ. ಈಗ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಹೊಸದು ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?
– ಹಾಸನದ ಓದುಗರು

ಬೇಡ. ಸದ್ಯಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಓಡುವ ಕಾರಿಗೆ ಮುಖ್ಯವಾಗಿ ನಾಲ್ಕು ಕಾಯಿಲೆ ಇರಬಹುದು: ಪೆಟ್ರೋಲ್ ಪಂಪಿನಲ್ಲಿ ಆವಿ ಕಟ್ಟಿಕೊಳ್ಳುವುದು, ಕಿಡಿ ಗಟ್ಟಿಯಾಗಿರುವಂತೆ ನೋಡಿಕೊಳ್ಳುವ ಕಂಡೆನ್ಸರ್ ಸೋಲುವುದು, ಟ್ಯಾಂಕ್ ಮುಚ್ಚಳದ ಗಾಳಿತೂತು ಮುಚ್ಚಿಹೋಗಿರುವುದು, ಟ್ಯಾಂಕಿನೊಳಗಿನ ತುಕ್ಕಿನ ಪುಡಿ ಪೈಪಿನ ಬಾಯಿಗೆ ಅಂಟಿಕೊಳ್ಳುವುದು. ನಾಲ್ಕೂ ನಿಮಗೆ ಕಾಣುವುದು ಒಂದೇ ತರಹ, ಆದರೆ ರಿಪೇರಿ ಬೇರೆ ಬೇರೆ. ಯಾವುದು ಅಂತ ತಿಳಿಯುವುದು ಕಾರು ನಿಂತಿರುವ ಆ ಅರ್ಧ ಗಂಟೆಯಲ್ಲಿ ಮಾತ್ರ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಲ್ಲ ತಣ್ಣಗಾಗಿ ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಪಾಪ, ಮೆಕ್ಯಾನಿಕ್ ಏನು ತಾನೇ ನೋಡಬೇಕು, ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುತ್ತಾರೆ.

ಹಾಗಾಗಿ ಮುಂದಿನ ಸಲ ಘಾಟಿಯ ಬುಡದ ಗುಂಡ್ಯ ದಾಟಿ ಮೇಲೆ ಹತ್ತುವಾಗ ನಿಂತರೆ, ಮೊದಲು ಗಾಡಿಯನ್ನು ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ತನ್ನಿ, ಚಕ್ರಕ್ಕೆ ಕಲ್ಲು ಕೊಡಿ. ಆ ಘಾಟಿಯ ಲಾರಿಗಳು ನಿಮಗಾಗಿ ಕಾಯುವುದಿಲ್ಲ. ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತು, ತಕ್ಷಣ ಕಾರೂ ಸ್ಟಾರ್ಟ್ ಆಯಿತು ಅಂದರೆ ಕಳ್ಳ ಸಿಕ್ಕ ಹಾಗೆ. ಮುಚ್ಚಳದ ಸಣ್ಣ ತೂತನ್ನು ಸೂಜಿಯಿಂದ ಬಿಡಿಸಿಕೊಂಡರೆ ಮುಗಿಯಿತು.

ಅಲ್ಲಿ ಏನೂ ಇಲ್ಲವೆಂದರೆ ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಒಮ್ಮೆ ಎಳೆಯಿರಿ. ಎಂಜಿನ್ ಆಫ್ ಇರಲಿ, ಬೀಡಿ ಸಿಗರೇಟು ಹತ್ತಿರ ಬೇಡ. ಒಳಗೆ ಪೆಟ್ರೋಲ್ ಚಿಮ್ಮಿದರೆ ಬೌಲಿನಲ್ಲಿ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಇದೆ, ತಪ್ಪು ಕರೆಂಟಿನ ಕಡೆ ಇರಬೇಕು. ಚಿಮ್ಮದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಂತ ಅರ್ಥ. ಆಗ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮೇಲೆ ನೀರು ಹನಿಸಿ. ಐದು ಹತ್ತು ನಿಮಿಷದಲ್ಲಿ ಜೀವ ಬಂದರೆ ಅದು ಆವಿಯ ಕೆಲಸವೇ. ಹಿಂದೆ ಘಾಟಿ ಓಡಿಸುತ್ತಿದ್ದ ಡ್ರೈವರುಗಳು ಬೇಸಿಗೆಯಲ್ಲಿ ಹೊರಡುವಾಗಲೇ ಪಂಪಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದದ್ದು ಇದಕ್ಕೇ. ಕಾಯಂ ಪರಿಹಾರ ಅಂದರೆ ಪಂಪ್ ಮತ್ತು ಎಂಜಿನ್ ಬ್ಲಾಕ್ ನಡುವೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಇದೆಯಾ ನೋಡುವುದು. ಯಾರೋ ಯಾವತ್ತೋ ಪಂಪ್ ಬಿಚ್ಚಿ ಅದನ್ನು ಬಿಸಾಕಿ, ಬರೀ ಕಾಗದದ ಪ್ಯಾಕಿಂಗ್ ಹಾಕಿ ಬಿಗಿದಿರುತ್ತಾರೆ. ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡಿಗೆ ಹತ್ತಿರ ಬಂದಿದ್ದರೆ ದೂರ ಸರಿಸಿ. ಬಟ್ಟೆಗೂ ಜಗ್ಗದೆ, ಸುಮ್ಮನೆ ಹೊತ್ತು ಕಳೆದ ಮೇಲೆಯೇ ಓಡುವುದಾದರೆ ಟ್ಯಾಂಕಿನ ಕಸದ ಮೇಲೆ ಅನುಮಾನ ಪಡಿ. ಪಂಪಿನ ಎಳೆತ ನಿಂತಾಗ ಕಸ ಕೆಳಗೆ ಕೂರುತ್ತದೆ, ಮತ್ತೆ ಓಡಿಸಿದಾಗ ಮತ್ತೆ ಅಂಟುತ್ತದೆ. ಟ್ಯಾಂಕ್ ಇಳಿಸಿ ತೊಳೆಯದೆ ಅದು ಹೋಗುವುದಿಲ್ಲ.

ಪೆಟ್ರೋಲ್ ಚಿಮ್ಮಿತು ಅಂತಾದರೆ ಏರ್ ಕ್ಲೀನರ್ ವಾಪಸ್ ಹಾಕಿ, ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ ಸ್ಪಾರ್ಕ್ ನೋಡಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮಧ್ಯದ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಕಬ್ಬಿಣದಿಂದ ಐದಾರು ಮಿಲಿಮೀಟರ್ ದೂರ ಇಟ್ಟು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಚಟಚಟ ಅಂತ ನೀಲಿ ಕಿಡಿ ಬಂದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕೂಡಿಸಿ ಬಿಡಿಸುವ ಸ್ವಿಚ್), ಕಂಡೆನ್ಸರ್ ಮೂರೂ ಸರಿ ಇವೆ. ಹಳದಿಯಾಗಿ ಸೋತ ಕಿಡಿ ಬಂದರೆ, ಪಾಯಿಂಟ್ ಬೇಗ ಬೇಗ ಸುಟ್ಟು ಕಪ್ಪಾಗುತ್ತಿದ್ದರೆ, ಕಂಡೆನ್ಸರ್ ಬದಲಿಸಿ. ತೀರಾ ಕಡಿಮೆ ಬೆಲೆಯ ಸಾಮಾನು ಅದು. ಒಂದು ಮಾತು: ಈಗ ಅಂಗಡಿಯಲ್ಲಿ ಸಿಗುವ ಕಂಡೆನ್ಸರುಗಳಲ್ಲಿ ಕೆಲವು ಡಬ್ಬಿಯಲ್ಲೇ ಸತ್ತಿರುತ್ತವೆ. ಹೊಸದು ಹಾಕಿದರೂ ಸರಿ ಹೋಗಲಿಲ್ಲ ಅಂತ ಬೇರೆ ಕಡೆ ಹುಡುಕಲು ಹೋಗುವ ಮೊದಲು ಇನ್ನೊಂದು ಹಾಕಿ ನೋಡಿ. ಪಾಯಿಂಟ್ ಗ್ಯಾಪ್ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ಸುಮಾರು 0.4 ಮಿ.ಮೀ. ಇರಲಿ. ನಿಮ್ಮ ಡಿಸ್ಟ್ರಿಬ್ಯೂಟರ್ ಯಾವ ಕಂಪನಿಯದೋ ಅದರ ಮೇಲೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತದೆ.

ಕಾರ್ಬ್ಯುರೇಟರ್ ಕೆಟ್ಟಿದ್ದರೆ ಊರೊಳಗೂ ಕಾಟ ಕೊಡುತ್ತಿತ್ತು. ಅದನ್ನು ಬದಲಿಸುವ ಮಾತು ಸದ್ಯಕ್ಕೆ ಬಿಡಿ.

ಪ್ರಶ್ನೆ: ಎಥನಾಲ್ ಸೇರಿಸಿದ ಪೆಟ್ರೋಲಿನಿಂದ ಹಳೇ ಗಾಡಿ ಹಾಳಾಗುತ್ತದೆ ಅನ್ನುತ್ತಾರೆ. ನನ್ನ ಹತ್ತಿರ 1991ರ ಕಾಂಟೆಸ್ಸಾ ಇದೆ. ನಿಜಕ್ಕೂ ಎಷ್ಟು ಹೆದರಬೇಕು? ಸೀಸ ಇಲ್ಲದ ಪೆಟ್ರೋಲಿನಿಂದಲೂ ವಾಲ್ವ್ ಹೋಗುತ್ತದಂತೆ, ಹೌದಾ?
– ದಾವಣಗೆರೆಯ ಓದುಗರು

ಹೆದರಬೇಡಿ, ಆದರೆ ಬಾನೆಟ್ ತೆಗೆದು ರಬ್ಬರ್ ಪೈಪುಗಳನ್ನು ಇವತ್ತೇ ನೋಡಿ.

ಶೇ. 20 ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. 1991ರಲ್ಲಿ ನಿಮ್ಮ ಕಾರು ಮಾಡಿದವರಿಗೆ ಇದರ ಕಲ್ಪನೆಯೇ ಇರಲಿಲ್ಲ. ತೊಂದರೆ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದೇ ಅಪಾಯದ್ದು. ಹಳೇ ಕಾಲದ ರಬ್ಬರ್ ಎಥನಾಲಿಗೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಪೈಪು ಬಿರಿದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಸಿದರೆ ಮುಂದೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇರುವುದನ್ನೇ ಕೇಳಿ ತನ್ನಿ. ಅದರ ಒಳಪದರ ಎಥನಾಲ್ ತಡೆಯುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಷ್ಟು ರಬ್ಬರ್ ತುಂಡು ಇದೆಯೋ ಎಲ್ಲವನ್ನೂ, ಕ್ಲಿಪ್ ಸಮೇತ, ಒಂದೇ ಸಲಕ್ಕೆ ಬದಲಿಸಿ. ಪಂಪಿನೊಳಗಿನ ರಬ್ಬರ್ ಪದರ, ಅಂದರೆ ಡಯಾಫ್ರಾಮ್ ಕೂಡ ಸೇರಿಸಿಕೊಳ್ಳಿ.

ಎರಡನೆಯದು, ಎಥನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ನೀರು ಜಾಸ್ತಿಯಾದರೆ ಅದು ಎಥನಾಲ್ ಜೊತೆ ಸೇರಿ ಕೆಳಗಿಳಿದು ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ತುಕ್ಕು ಅಲ್ಲಿಂದಲೇ ಶುರು. ಜೊತೆಗೆ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಗೋಂದಿನಂಥ ಕೊಳೆಯನ್ನು ಎಥನಾಲ್ ಕರಗಿಸಿ ತಂದು ಕಾರ್ಬ್ಯುರೇಟರಿನ ಜೆಟ್ಟಿಗೆ (ಪೆಟ್ರೋಲ್ ಬರುವ ಸಣ್ಣ ತೂತು) ತುರುಕುತ್ತದೆ. ಪಂಪಿಗಿಂತ ಮೊದಲು ಒಂದು ಪಾರದರ್ಶಕ ಫಿಲ್ಟರ್ ಹಾಕಿಕೊಳ್ಳಿ, ಮೊದಮೊದಲು ಆಗಾಗ ಬದಲಿಸಬೇಕಾಗುತ್ತದೆ. ಕಾರನ್ನು ಹದಿನೈದು ದಿನಕ್ಕೊಮ್ಮೆಯಾದರೂ ಹೊರಗೆ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಪ್ರಯೋಜನ ಇಲ್ಲ, ಸೈಲೆನ್ಸರ್ ಒಳಗೆ ನೀರು ತುಂಬುತ್ತದೆ ಅಷ್ಟೇ.

ಮೂರನೆಯದು ಮಿಶ್ರಣ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಹಳೇ ಜೆಟ್ಟಿನಲ್ಲಿ ಎಂಜಿನ್ನಿಗೆ ಇಂಧನ ಸ್ವಲ್ಪ ಕಮ್ಮಿ ಬೀಳುತ್ತದೆ. ಈಗಿನ ಕಾರುಗಳ ಕಂಪ್ಯೂಟರ್ ತಾನೇ ಸರಿ ಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಪ್ಲಗ್ ಬಿಚ್ಚಿ ನೋಡಿ. ತುದಿ ಬಿಳಿ ಸುಣ್ಣದಂತಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ತಿಳಿ ಕಂದು ಇದ್ದರೆ ಮುಟ್ಟಲೇಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಸೀಸದ ವಿಚಾರ: 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ನಿಮ್ಮ ಎಂಜಿನ್ ಓಡಿದೆ ತಾನೇ? ವಾಲ್ವ್ ಬಂದು ಕೂರುವ ಜಾಗ (ಸೀಟ್) ಮೆತ್ತಗಿರುವ ಎಂಜಿನ್ನಿನಲ್ಲಿ ವಾಲ್ವ್ ಒಳಗೆ ಇಳಿಯುತ್ತಾ ಹೋಗುವುದು ನಿಜ, ಮುಖ್ಯವಾಗಿ ಹೈವೇಯಲ್ಲಿ ತುಳಿದು ಓಡಿಸುವವರಿಗೆ. ಅದರ ಗುರುತು ಏನು ಗೊತ್ತಾ? ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಸಾಮಾನಿಗೂ ನಡುವಿನ ಸಂದು) ಜಾಸ್ತಿಯಾಗುವುದಿಲ್ಲ, ಕಮ್ಮಿಯಾಗುತ್ತದೆ. ಸದ್ದು ಬರುವುದಿಲ್ಲ, ಬದಲಿಗೆ ಎಂಜಿನ್ ತುಂಬಾ ಸೈಲೆಂಟ್ ಆಗಿದೆ ಅಂತ ಖುಷಿಪಡುತ್ತಿರುವಾಗಲೇ ವಾಲ್ವ್ ಸುಟ್ಟಿರುತ್ತದೆ. ಹಾಗಾಗಿ ಗ್ಯಾಪ್ ಅಳೆದು ಬರೆದಿಡಿ. ಮತ್ತೆ ಮತ್ತೆ ಕಮ್ಮಿಯಾಗುತ್ತಿದ್ದರೆ ಮುಂದಿನ ಸಲ ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿದಾಗ ಗಟ್ಟಿ ಸೀಟ್ ಹಾಕಿಸಿ. ಅದಕ್ಕೆಂದೇ ಈಗ ಹೆಡ್ ಬಿಚ್ಚಬೇಡಿ.

ಪ್ರಶ್ನೆ: ಪದ್ಮಿನಿಗೆ ಫುಲ್ ಸಿಂಥೆಟಿಕ್ ಆಯಿಲ್ ಹಾಕಿದರೆ ಒಳ್ಳೆಯದಲ್ವಾ?
– ತುಮಕೂರು

ದುಬಾರಿ ಆಯಿಲ್ ನಿಮ್ಮ ಹಳೇ ಸೀಲುಗಳ ಸಂದಿನಿಂದ ನೆಲಕ್ಕೆ ಇಳಿಯುತ್ತದೆ. 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ, ಐದು ಸಾವಿರ ಕಿಲೋಮೀಟರಿಗೆ ಬದಲಿಸಿ. ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ.

ಪ್ರಶ್ನೆ: ಅಪ್ಪನ 1978ರ ಪದ್ಮಿನಿ ನನ್ನ ಪಾಲಿಗೆ ಬಂದಿದೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಎರಡು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ. ಕೆಳಗೆ ಎಲ್ಲೂ ಆಯಿಲ್ ಸೋರಿದ ಗುರುತಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ 'ಹಳೇ ಗಾಡಿ ಅಲ್ವಾ ಮೇಡಂ, ಹಾಗೇ ಇರುತ್ತೆ' ಅಂದರು. ನಾನೇ ರಿಪೇರಿ ಕಲಿಯಬೇಕು ಅಂತ ಆಸೆ. ಬ್ರೇಕಿನಿಂದ ಶುರು ಮಾಡಬಹುದಾ?
– ಮೈಸೂರಿನ ಶಿಕ್ಷಕಿ

ಮೇಡಂ, ಮೊದಲು ಕಾರು ನಿಲ್ಲಿಸಿ. ಹಳೇ ಗಾಡಿಯಾದರೂ ಪೆಡಲ್ ಹಾಗೆ ಇಳಿಯಬಾರದು. ಹಾಗೇ ಇರುತ್ತೆ ಅಂದವರ ಹತ್ತಿರ ಇನ್ನೊಮ್ಮೆ ಹೋಗಬೇಡಿ. ನಿಮ್ಮ ಕಾರಿನ ಕಾಲದಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕ್ ಲೈನ್. ಒಂದು ಕಡೆ ಒತ್ತಡ ಹೋದರೆ ನಾಲ್ಕೂ ಕಡೆ ಹೋದಂತೆ.

ಹೊರಗೆ ಸೋರದೆ ಪೆಡಲ್ ಇಳಿಯುವುದಕ್ಕೆ ಹೆಚ್ಚಾಗಿ ಕಾರಣ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಕೊಳವೆ) ಒಳಗಿನ ರಬ್ಬರ್ ಬಕೆಟ್, ಅಂದರೆ ಬಟ್ಟಲಿನಂಥ ಸೀಲ್ ಸವೆದಿರುವುದು. ನೀವು ಒತ್ತಿದ ಆಯಿಲ್ ಮುಂದೆ ಹೋಗದೆ ರಬ್ಬರಿನ ಪಕ್ಕದಿಂದ ಹಿಂದಕ್ಕೆ ಜಾರುತ್ತದೆ. ಆದರೂ 'ಸೋರಿದ ಗುರುತಿಲ್ಲ' ಅನ್ನುವುದನ್ನು ನಾಲ್ಕೂ ಡ್ರಮ್ ಬಿಚ್ಚಿ ನೋಡುವವರೆಗೆ ನಂಬಬೇಡಿ. ಚಕ್ರದ ಬಳಿಯ ವೀಲ್ ಸಿಲಿಂಡರ್ ಸೋರಿದರೆ ಆಯಿಲ್ ಡ್ರಮ್ ಒಳಗೇ ಲೈನರಿಗೆ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಮೆತ್ತಿಕೊಂಡಿರುತ್ತದೆ, ನೆಲಕ್ಕೆ ಬೀಳುವುದು ಆಮೇಲೆ.

ಕಲಿಯಬಹುದಾ ಅಂದಿರಿ. ಖಂಡಿತ. ಆದರೆ ಬ್ರೇಕಿನ ಮೊದಲ ಕೆಲಸವನ್ನು ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಪದ್ಮಿನಿ ಕೆಲಸ ಗೊತ್ತಿರುವ ಹಿರಿಯ ಮೆಕ್ಯಾನಿಕ್ಕುಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಕೂಲಿ ಕೊಟ್ಟು ಮನೆಗೇ ಕರೆಸಿ 'ಕೈ ನನ್ನದು, ಕಣ್ಣು ನಿಮ್ಮದು' ಅಂತ ಹೇಳಿ. ಬೇಸರ ಮಾಡಿಕೊಳ್ಳುವುದಿಲ್ಲ, ಕೇಳುವವರು ಸಿಕ್ಕರಲ್ಲ ಅಂತ ಖುಷಿಯಾಗುತ್ತಾರೆ.

ಜ್ಯಾಕ್ ಏರಿಸಿದ ಕಾರಿನ ಕೆಳಗೆ ತೂರಬೇಡಿ. ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ಕೊಳ್ಳಿ, ಸ್ಪ್ಯಾನರ್ ಸೆಟ್ಟಿಗಿಂತ ಮೊದಲು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಒಮ್ಮೆಲೇ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಕಾರಿನ ಕೆಳಗೆ ಮಲಗಿಸಿಡಿ, ಏನೇ ಆದರೂ ಅಷ್ಟು ಜಾಗ ಉಳಿಯುತ್ತದೆ.

ಡ್ರಮ್ ತೆಗೆದಾಗ ಒಳಗಿನ ಕಪ್ಪು ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಾಸ್ಕ್ ಹಾಕಿ, ನೀರು ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಬ್ರೇಕಿನ ರಬ್ಬರುಗಳನ್ನು ಪೆಟ್ರೋಲಿನಲ್ಲಾಗಲಿ ಎಂಜಿನ್ ಆಯಿಲಿನಲ್ಲಾಗಲಿ ತೊಳೆಯಬಾರದು, ಉಬ್ಬಿ ಹೋಗುತ್ತವೆ. ಹೊಸ ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಿ. ಸಿಲಿಂಡರಿನ ಒಳಗೋಡೆಯನ್ನು ಟಾರ್ಚ್ ಹಿಡಿದು ನೋಡಿ, ಬೆರಳಿಗೆ ಗುಳಿ ಸಿಕ್ಕರೆ ಹೊಸ ರಬ್ಬರುಗಳ ಕಿಟ್ ಹಾಕಿ ಪ್ರಯೋಜನ ಇಲ್ಲ. ಸಿಲಿಂಡರನ್ನೇ ಬದಲಿಸಿ.

ಕೊನೆಗೆ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ, ಅಂದರೆ ಹಿಂದಿನ ಎಡಗಡೆಯದು. ಅಲ್ಲಿ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ, ಅದೇ ನಿಪ್ಪಲ್. ನಿಪ್ಪಲ್‌ಗೆ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಬಿಡಿಸಿ ಬಿಗಿಯುವುದು, ಬಿಗಿದ ಮೇಲೆಯೇ ಪೆಡಲ್ ಬಿಡುವುದು. ಗುಳ್ಳೆ ನಿಲ್ಲುವವರೆಗೆ ಇದೇ. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲಿನಿಂದ ಶುರು. ಹೊರಗೆ ಬಂದ ಆಯಿಲನ್ನು ಮತ್ತೆ ಸುರಿಯಬೇಡಿ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಅದೂ ಗಾಳಿಯಲ್ಲಿರುವ ನೀರನ್ನು ಹೀರುವ ಜಾತಿಯದೇ.

ಪ್ರಶ್ನೆ: ನಮ್ಮ ಅಂಬಾಸಿಡರ್ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕುದಿಯುತ್ತದೆ. ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ತೆಗೆದುಬಿಟ್ಟರೆ ಸರಿಹೋಗುತ್ತದೆ ಅಂತ ತೆಗೆಸಿದೆ. ಸ್ವಲ್ಪ ದಿನ ಸರಿ ಇತ್ತು, ಈಗ ಮತ್ತೆ ಅದೇ ಕಥೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಲಾ?
– ಕೋಲಾರದ ಓದುಗರು

ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ? ಬೋರ್‌ವೆಲ್ ನೀರೇ ಇರಬೇಕು. ನಿಮ್ಮ ಕಡೆ ಬಚ್ಚಲ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತಲ್ವಾ, ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ ಕಟ್ಟಿದೆ. ನೀರು ಹರಿಯಲು ದಾರಿಯಿಲ್ಲ. ಫ್ಯಾನ್ ಎಷ್ಟೇ ದೊಡ್ಡದು ಹಾಕಿದರೂ ಹರಿಯದ ನೀರನ್ನು ಅದು ತಣ್ಣಗೆ ಮಾಡಲಾರದು.

ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ರೇಡಿಯೇಟರ್ ಮುಂಭಾಗದ ಅಲ್ಲಲ್ಲಿ ಹುಷಾರಾಗಿ ಕೈ ತಾಗಿಸಿ ನೋಡಿ. ಕೆಲವು ಕಡೆ ಸುಡುತ್ತಾ, ಕೆಲವು ಕಡೆ ತಣ್ಣಗೆ ಇದ್ದರೆ ಆ ತಣ್ಣನೆ ಜಾಗ ಕಟ್ಟಿಕೊಂಡಿದೆ. ಹಳೇ ಅಂಬಾಸಿಡರ್ ರೇಡಿಯೇಟರ್ ತಾಮ್ರ ಹಿತ್ತಾಳೆಯದು, ಇದೊಂದು ಪುಣ್ಯ. ರೇಡಿಯೇಟರ್ ಅಂಗಡಿಯವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಕಡ್ಡಿ ಹಾಯಿಸಿ, ಮತ್ತೆ ಬೆಸೆದು ಕೊಡುತ್ತಾರೆ. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿಗೆ ಆ ಭಾಗ್ಯ ಇಲ್ಲ. ಅದನ್ನು ಮಾಡಿಸುವಾಗಲೇ ಎಂಜಿನ್ ಬ್ಲಾಕನ್ನೂ ಹಿಂದುಮುಂದಾಗಿ ನೀರು ಬಿಟ್ಟು ತೊಳೆಸಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ.

ಥರ್ಮೋಸ್ಟ್ಯಾಟ್ ವಾಪಸ್ ಹಾಕಿ. ಅದನ್ನು ತೆಗೆಯುವುದು ನಮ್ಮ ಗ್ಯಾರೇಜುಗಳ ದೊಡ್ಡ ಚಟ. ತೆಗೆದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಕೆಸರು ಕಟ್ಟುತ್ತದೆ. ಕುದಿಯುವ ಕಾಯಿಲೆ ಸ್ವಲ್ಪ ದಿನ ಮರೆಯಾಗುತ್ತದೆ ಅಷ್ಟೇ. ಕೆಲಸ ಮಾಡುತ್ತದೋ ಇಲ್ಲವೋ ಅನುಮಾನ ಇದ್ದರೆ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ, ಅದರಲ್ಲಿ ಮುಳುಗಿಸಿ ಹಿಡಿಯಿರಿ. ನೀರು ಕುದಿಯುವ ಮೊದಲೇ ಬಾಯಿ ತೆರೆಯಬೇಕು.

ಇನ್ನೂ ಎರಡು ನೋಡಿ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ, ಕಿಡಿ ಹೊಡೆಯುವ ಟೈಮಿಂಗ್ ತೀರಾ ಹಿಂದಕ್ಕೆ ಇಟ್ಟಿದ್ದಾರಾ. ಇವೆಲ್ಲ ಸರಿಯಿದ್ದೂ ಕುದಿಯುತ್ತಿದ್ದರೆ, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್) ಹೋಗಿದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಹಬೆ ಮುಖಕ್ಕೇ ಹೊಡೆಯುತ್ತದೆ.

ಪ್ರಶ್ನೆ: ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರ್ ಒಂದರಿಂದ ಎರಡಕ್ಕೆ ಹಾಕುವಾಗ ಸಿಕ್ಕಿಕೊಳ್ಳುತ್ತದೆ. ಗೇರ್ ಬಾಕ್ಸ್ ಇಳಿಸಬೇಕಾ?
– ಚಿತ್ರದುರ್ಗ

ಇಳಿಸಬೇಡಿ. ಸ್ಟಿಯರಿಂಗ್ ಕೊಳವೆಯಿಂದ ಗೇರ್ ಬಾಕ್ಸಿಗೆ ಹೋಗುವ ಕಡ್ಡಿಗಳ ಬುಷ್ (ಕೀಲಿನ ಉಂಗುರ) ಸವೆದಿರುತ್ತದೆ. ಅವನ್ನು ಬದಲಿಸಿ, ಕಡ್ಡಿಯ ಉದ್ದ ಹೊಂದಿಸಿ, ಗ್ರೀಸ್ ಕೊಡಿ. ದಾರಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು, ಆ ಲಿವರುಗಳನ್ನು ಕೈಯಿಂದಲೇ ನ್ಯೂಟ್ರಲ್‌ಗೆ ತನ್ನಿ.

ಪ್ರಶ್ನೆ: ಮನೆ ಕಡಲಿನಿಂದ ಒಂದು ಕಿಲೋಮೀಟರ್. ಕಾರಿಗೆ ಹೊಸ ಪೇಂಟ್ ಮಾಡಿಸಿ ಎರಡು ಮಳೆಗಾಲ ಆಗಿದೆ ಅಷ್ಟೇ, ಬಾಗಿಲ ಕೆಳಗೆ ಆಗಲೇ ಗುಳ್ಳೆ ಎದ್ದಿದೆ. ಪ್ಲಾಸ್ಟಿಕ್ ಕವರ್ ಹಾಕಿಯೇ ಇಡುತ್ತೇನೆ.
– ಉಡುಪಿ ಜಿಲ್ಲೆಯ ಓದುಗರು

ಆ ಕವರೇ ಮೊದಲ ಶತ್ರು. ನೆಲದ ತೇವ ಮೇಲೆದ್ದು ಕವರಿನೊಳಗೆ ಬೆವರಿ ಅಲ್ಲೇ ಉಳಿಯುತ್ತದೆ. ಮಾಡಿನ ಕೆಳಗೆ ನಿಲ್ಲಿಸಿ, ಗಾಳಿಯಾಡುವ ಬಟ್ಟೆಯ ಕವರ್ ಹಾಕಿ, ಬಿಸಿಲು ಬಂದ ದಿನ ಬಾಗಿಲು ಡಿಕ್ಕಿ ತೆರೆದಿಡಿ.

ಬಾಗಿಲ ಗುಳ್ಳೆ ಒಳಗಿನಿಂದ ಬಂದದ್ದು. ಗ್ಲಾಸಿನ ಪಕ್ಕದ ರಬ್ಬರ್ ಪಟ್ಟಿ (ಬೀಡಿಂಗ್) ಒಣಗಿ ನೀರು ಬಾಗಿಲೊಳಗೆ ಇಳಿಯುತ್ತದೆ, ಹೊರಗೆ ಹೋಗಲು ಕೆಳ ಅಂಚಿನಲ್ಲಿ ಸಣ್ಣ ತೂತುಗಳಿವೆ. ಪೇಂಟ್ ಮಾಡಿದವರು ಅವನ್ನು ಪುಟ್ಟಿ ಹಾಕಿ ಮುಚ್ಚಿರುತ್ತಾರೆ. ಒಂದು ಕಡ್ಡಿಯಿಂದ ತೆರೆದು ನೋಡಿ, ಲೋಟಗಟ್ಟಲೆ ನೀರು ಬಂದರೂ ಆಶ್ಚರ್ಯವಿಲ್ಲ.

ಬಾಗಿಲಿಗಿಂತ ಚಿಂತೆ ಮಾಡಬೇಕಾದ್ದು ನೆಲದ ತಗಡು. ಪದ್ಮಿನಿಗೂ ಅಂಬಾಸಿಡರಿಗೂ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಮ್ಯಾಟ್ ಮತ್ತು ಅದರ ಕೆಳಗಿನ ದಪ್ಪ ಹಾಸನ್ನು ಪೂರ್ತಿ ಎತ್ತಿ, ಬಾಗಿಲ ಕೆಳಗಿನ ಪಟ್ಟಿಯನ್ನೂ ಬ್ಯಾಟರಿ ಕೂರುವ ಜಾಗವನ್ನೂ ಸ್ಟೆಪ್ನಿ ಇಡುವ ಗುಂಡಿಯನ್ನೂ ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಒಳ್ಳೆ ತಗಡು, ಸದ್ದು ಮಂದವಾದರೆ ತುದಿಯಿಂದ ಚುಚ್ಚಿ. ಒಳಗೆ ಹೋಯಿತಾ, ಆ ತುಂಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಅದರ ಮೇಲೆ ಫೈಬರ್ ಅಂಟಿಸಿ ಕಪ್ಪು ಕೋಟಿಂಗ್ ಬಳಿದು ಕೊಟ್ಟರೆ ದುಡ್ಡು ಕೊಡಬೇಡಿ, ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತಾಯಿತು. ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿ ವೈರ್ ಬಿಚ್ಚಿಸಿ, ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿ, ಒಂದು ಬಕೆಟ್ ನೀರು ಪಕ್ಕದಲ್ಲಿಡಿ. ಮೇಲ್ಮೈ ತುಕ್ಕು ಮಾತ್ರ ಇದ್ದರೆ ತಂತಿ ಬ್ರಷ್, ರಸ್ಟ್ ಕನ್ವರ್ಟರ್, ಝಿಂಕ್ ಪ್ರೈಮರ್, ಆಮೇಲೆ ಪೇಂಟ್. ನಿಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಅಡಿಗೆ ಹಳೇ ಆಯಿಲ್ ಹೊಡೆಸುವುದುಂಟು. ತುಕ್ಕಿಗೆ ಅದು ಕೆಲಸ ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬುಷ್, ಬ್ರೇಕ್ ಪೈಪಿನ ರಬ್ಬರ್ ಹಾಳಾಗುತ್ತದೆ, ಅಂಗಳದ ಮಣ್ಣು ಬಾವಿ ನೀರು ಎರಡೂ ಕೆಡುತ್ತವೆ. ಮೇಣದ ಸ್ಪ್ರೇ ಸಿಗುತ್ತದೆ, ಅದನ್ನು ಹೊಡೆಸಿ.

ಪ್ರಶ್ನೆ: 1973ರ ಪ್ರೀಮಿಯರ್ ಪ್ರೆಸಿಡೆಂಟ್ ಇದೆ. ಆರ್‌ಸಿ ಪುಸ್ತಕದಲ್ಲಿ ಇನ್ನೂ ಮೈಸೂರು ರಾಜ್ಯ ಅಂತಲೇ ಇದೆ. ವಿಂಟೇಜ್ ಅಂತ ನೋಂದಣಿ ಮಾಡಿಸಬೇಕಾ? ಡೀಸೆಲ್ ಎಂಜಿನ್ ಕೂರಿಸುವ ಯೋಚನೆಯೂ ಇದೆ.
– ಬೆಳಗಾವಿಯ ಓದುಗರು

ಆ ಪುಸ್ತಕವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಾಗೇ ಕಾಪಾಡಿ. ಆ ವರ್ಷ ನವೆಂಬರ್ 1ಕ್ಕೆ ರಾಜ್ಯದ ಹೆಸರೇ ಬದಲಾಯಿತು.

2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂ., ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000 ರೂ. ಈಗಾಗಲೇ ನೋಂದಣಿ ಇರುವ ಕಾರಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಆಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ಹೊರಗೆ ತರಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಗೋಕಾಕಕ್ಕೆ ಹೋಗಿ ಬರುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಿ. ಅದರ ಶುಲ್ಕ 2022ರಲ್ಲಿ 5,000 ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಮಾಡಿದರು. ಹೊಟ್ಟೆ ಉರಿಯುತ್ತದೆ ನಿಜ, ಆದರೂ ನನ್ನ ಪ್ರಕಾರ ಓಡಿಸುವ ಸ್ವಾತಂತ್ರ್ಯಕ್ಕೆ ಅಷ್ಟು ಕೊಡಬಹುದು. ಕೊನೇ ತಿಂಗಳವರೆಗೆ ಕಾಯಬೇಡಿ. ನಿಮ್ಮಷ್ಟು ಹಳೇ ಪುಸ್ತಕದ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಮೊದಲು ಅದನ್ನು ಏರಿಸಬೇಕು, ಅದಕ್ಕೇ ಓಡಾಟ ಜಾಸ್ತಿ.

ಡೀಸೆಲ್ ಎಂಜಿನ್ ಬೇಡ. ಆರ್‌ಟಿಒ ಅನುಮತಿ ಇಲ್ಲದೆ ಬದಲಿಸುವಂತಿಲ್ಲ, ವಿಂಟೇಜ್ ಅರ್ಹತೆ ಹೋಗುತ್ತದೆ, ಆ ಮುಂದಿನ ಸ್ಪ್ರಿಂಗು ಬ್ರೇಕು ಅಷ್ಟು ತೂಕಕ್ಕೆ ಮಾಡಿದ್ದಲ್ಲ.

ಪ್ರಶ್ನೆ: ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿ ನಿಂತ ಮೇಲೆ ಸ್ಪೇರ್ ಸಿಗುವುದು ಕಷ್ಟವಾಗಿದೆ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ಹುಡುಕಬಹುದಾ? ಏನೇನು ಈಗಲೇ ಕೊಂಡಿಡಬೇಕು?
– ಡೊಂಬಿವಲಿಯ ಕನ್ನಡಿಗರು

2023ರ ಅಕ್ಟೋಬರ್ ಕೊನೆಗೆ ಮುಂಬೈನ ಕೊನೆಯ ಕಾಳಿಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿ ರಸ್ತೆ ಬಿಟ್ಟಿತು. ಸಾವಿರಾರು ಟ್ಯಾಕ್ಸಿಗಳಿಗಾಗಿ ಸಾಮಾನು ಮಾಡುತ್ತಿದ್ದವರು ಈಗ ನಮ್ಮಂಥ ಕೆಲವರಿಗಾಗಿ ಯಾಕೆ ಮಾಡುತ್ತಾರೆ ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಹೊಸ ಸ್ಟಾಕ್ ಇನ್ನೂ ಅಲ್ಲಲ್ಲಿ ಇದೆ, ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಸಾಮಾನು ಸಿಗುತ್ತದೆ. ಹೆಸರು ಹೇಳಿ ಕೇಳುವುದಕ್ಕಿಂತ ಹಳೇ ಸಾಮಾನನ್ನೇ ಕೈಯಲ್ಲಿ ಹಿಡಿದು ಹೋಗಿ.

ಎಲ್ಲವನ್ನೂ ಪದ್ಮಿನಿ ಸ್ಪೇರ್ ಅಂತಲೇ ಹುಡುಕಬೇಕಾಗಿಲ್ಲ. ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ, ಆಯಿಲ್ ಸೀಲಿನ ಮೇಲೆ ಅಳತೆ ಇರುತ್ತದೆ. ಯಾವ ಬೇರಿಂಗ್ ಅಂಗಡಿಗೆ ಹೋದರೂ ಆ ನಂಬರಿನದು ಕೊಡುತ್ತಾರೆ, ಬಹಳ ಸಲ ಮೂಲದ್ದಕ್ಕಿಂತ ಒಳ್ಳೆಯದೇ. ಬುಷ್ಷುಗಳನ್ನು ಲೇತ್‌ನಲ್ಲಿ ಮಾಡಿಸಬಹುದು. ಮಾಡಿಸಲಾಗದ್ದು ಗ್ಲಾಸು, ಬೀಡಿಂಗು, ಲೈಟಿನ ಲೆನ್ಸು, ಬಾಗಿಲ ಹಿಡಿ. ಜನ ಎಂಜಿನ್ ಸಾಮಾನು ಕೂಡಿಟ್ಟು ಇವನ್ನು ಮರೆಯುತ್ತಾರೆ. ಮುಂದಿನ ಗ್ಲಾಸ್ ಒಡೆದರೆ ಕಾರು ತಿಂಗಳುಗಟ್ಟಲೆ ಮನೆಯಲ್ಲೇ. ಸಿಕ್ಕಾಗ ಒಂದು ತೆಗೆದಿಡಿ.

ಡಿಕ್ಕಿಯಲ್ಲಿ ಯಾವಾಗಲೂ ಒಂದು ಸೆಟ್ ಪಾಯಿಂಟ್, ರೋಟರ್, ಫ್ಯಾನ್ ಬೆಲ್ಟ್, ಪೆಟ್ರೋಲ್ ಪಂಪಿನ ಕಿಟ್, ರೇಡಿಯೇಟರ್ ಹೋಸ್ ಇರಲಿ. ಕಂಡೆನ್ಸರ್ ಮಾತ್ರ ಹೊಸದನ್ನು ಕಾರಿಗೆ ಹಾಕಿ ಓಡಿಸಿ ನೋಡಿ, ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ತೆಗೆದು ಡಿಕ್ಕಿಯಲ್ಲಿಡಿ. ಬಿಡಿಭಾಗಕ್ಕೆಂದು ಪೂರ್ತಿ ಗುಜರಿ ಕಾರನ್ನೇ ಕೊಳ್ಳುವುದಾದರೆ ಮಾರಿದವರ ಹೆಸರು, ಚಾಸಿ ನಂಬರ್ ಇರುವ ರಸೀದಿ ಬರೆಸಿಕೊಳ್ಳಿ. ಕಾಗದವಿಲ್ಲದ ಕಾರು ಎಷ್ಟೇ ಅಗ್ಗವಾದರೂ ಬೇಡ.